ಊಟ ಆಯ್ತಾ ಎಂದು ಕೇಳದ ಕಂಪ್ಯೂಟರು

ನನ್ನ ಮೊಮ್ಮಗಳು ಶ್ರಾವ್ಯಾಳಿಗೆ ಕೆಲಸ ಸಿಕ್ಕಿತು! ವಡೋದರದಲ್ಲಿ, ಬಟ್ಟೆಯ ಬಣ್ಣ ಮಾಡುವ ಕಂಪನಿಯ ಲ್ಯಾಬಿನಲ್ಲಿ. ಮಧ್ಯಾಹ್ನ ಅವಳ ಮೊಬೈಲು ಟಿಣ್ ಎಂದಿತು, ಅವಳು ಕಿರುಚಿದಳು, ನಾನು ಒಗ್ಗರಣೆ ಸೀಯಿಸಿದೆ. ಆ ಸಾಸಿವೆಯ ವಾಸನೆ ಮನೆಯಿಂದ ಇನ್ನೂ ಹೋಗಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳ ಬರಹ, ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ, ನನಗಿವತ್ತು ಪುರುಸೊತ್ತಿಲ್ಲ.

ಸೂರತ್ತಿನ ಅಡಾಜಣ್‌ನಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಕೆಳಗೆ ದೋಸೆ, ಮೇಲೆ ನಾವು. ಹಿಂದೆ ನಮ್ಮ ಯಜಮಾನರು ಕೆಲಸಕ್ಕೆ ಜನ ತೆಗೆದುಕೊಳ್ಳುತ್ತಿದ್ದ ರೀತಿ ಕೇಳಿ. ಊರಿನಿಂದ ಯಾರೇ ಬರಲಿ, ಮೊದಲು ಊಟ. ಕೈ ತೊಳೆದ ಮೇಲೆ, "ರುಬ್ಲಿಕ್ಕೆ ಬರ್ತದಾ ಮಾರಾಯ?" ಅಷ್ಟೇ ಪ್ರಶ್ನೆ. ಜಾಗವಿಲ್ಲದಿದ್ದರೆ, "ಇಲ್ಲಿ ಆಗ್ಲಿಕ್ಕಿಲ್ಲ. ಅಹಮದಾಬಾದಿನ ನವರಂಗಪುರದಲ್ಲಿ ನಮ್ಮವರದ್ದೇ ಹೋಟೆಲುಂಟು, ಅಲ್ಲಿ ಕೇಳು" ಎಂದು ಬಸ್ಸು ಹತ್ತಿಸುತ್ತಿದ್ದರು. ಇಲ್ಲ ಎನ್ನುವುದಕ್ಕೂ ಒಂದು ಮರ್ಯಾದೆಯಿತ್ತು.

ಈಗಿನದ್ದು ನೋಡಿ. ಹುಡುಗಿ ಕಂಪ್ಯೂಟರಿನ ಮುಂದೆ ತಪಸ್ಸಿಗೆ ಕೂತಳು. ಹೆಸರು, ಓದು, ಮಾರ್ಕು ಬರೆದದ್ದನ್ನು ಅದರೊಳಗೆ ಹಾಕಬೇಕಂತೆ. ಹಾಕಿದ ಮೇಲೆ ಅದೇ ಹೆಸರು, ಅದೇ ಓದು, ಅದೇ ಮಾರ್ಕು ಮತ್ತೆ ಟೈಪು ಮಾಡಬೇಕಂತೆ. ಹೊಸಬರೇ ಬೇಕು ಅನ್ನುತ್ತದೆ, ಎರಡು ವರ್ಷದ ಅನುಭವವೂ ಬೇಕು ಅನ್ನುತ್ತದೆ. ಚೊಚ್ಚಲ ಬಸುರಿಯೇ ಆಗಬೇಕು, ಎರಡು ಹೆತ್ತೂ ಇರಬೇಕು ಎಂದ ಹಾಗೆ! ನೀನು ಮನುಷ್ಯಳು ಹೌದೋ ಅಲ್ಲವೋ ಎಂದು ಚಿತ್ರದಲ್ಲಿ ಟ್ರಾಫಿಕ್ ಲೈಟು ಹುಡುಕಿಸುತ್ತದೆ. ಕೇಳುವುದು ಯಾರು? ಯಂತ್ರ! ಇಷ್ಟಾಗಿ ಉತ್ತರವೇ ಇಲ್ಲ. ಬಂದರೆ, ನಿಮ್ಮ ಆಸಕ್ತಿಗೆ ಧನ್ಯವಾದ.

"ಆಸಕ್ತಿಯನ್ನು ಉಪ್ಪಿನಕಾಯಿ ಹಾಕ್ಲಿಕ್ಕೆ ಹೇಳು" ಎಂದೆ. ಅವಳು ನಗಲಿಲ್ಲ. ಹಿಂದಿನ ದಿನವಷ್ಟೇ ನನ್ನ ಮಗ, ಅವಳ ಅಪ್ಪ, "ದೀಪಾವಳಿವರೆಗೆ ನೋಡು. ಆಮೇಲೆ ಕೆಳಗೆ ಬಂದು ಗಲ್ಲಾದಲ್ಲಿ ಕೂತ್ಕೋ" ಎಂದುಬಿಟ್ಟಿದ್ದ. ಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಿದವಳು ಅರ್ಧ ಊಟಕ್ಕೆ ಎದ್ದುಹೋಗಿದ್ದಳು.

ಹೋದ ವಾರ ಈ ಬಣ್ಣದ ಕಂಪನಿಯವರದ್ದು ಕಂಪ್ಯೂಟರಿನಲ್ಲೇ ಇಂಟರ್ವ್ಯೂ. "ಅಜ್ಜಿ, ರೂಮಿಗೆ ಬರ್ಬೇಡಿ, ಪ್ಲೀಸ್" ಎಂದಿದ್ದಳು. ನಾನು ಒಳಗೆ ಹೋಗಲಿಲ್ಲ, ಬಾಗಿಲಲ್ಲಿ ಇಣುಕಿದೆ. ಪರದೆಯಲ್ಲಿ ಒಬ್ಬ ಹೆಂಗಸು, ಊಟದ ಹೊತ್ತು ಮೀರಿತ್ತು, ಪಾಪ, ಮುಖ ಬಾಡಿತ್ತು. ಹೋಟೆಲಿನವಳ ಬಾಯಿ ಸುಮ್ಮನಿದ್ದೀತೇ? ನನಗೆ ಬರುವ ಗುಜರಾತಿಯಲ್ಲಿ, "ಜಮ್ಯಾ, ಬೇನ್?" ಎಂದು ಕೇಳಿಯೇಬಿಟ್ಟೆ. ಊಟ ಆಯಿತೇ ತಂಗಿ, ಅಂತ.

ಶ್ರಾವ್ಯಾಳ ಮುಖ ಮೈದಾಹಿಟ್ಟಾಯಿತು. ಆ ಹೆಂಗಸು ನಕ್ಕು, "ನಾ ಬಾ, ಹಜಿ ಬಾಕಿ ಛೇ" ಎಂದಳು. ಇನ್ನೂ ಇಲ್ಲ ಅಜ್ಜಿ, ಅಂತ.

ಮುಗಿದ ಮೇಲೆ ನನಗೆ ಮಂಗಳಾರತಿ. "ಅಜ್ಜಿ, ಇಂಟರ್ವ್ಯೂ ಚಾಲೂ ಇತ್ತು! ಎಲ್ಲಾ ಖತಂ ಮಾಡಿದ್ರಿ!"

"ಹಸಿದವಳನ್ನು ಕೇಳಿದ್ದಲ್ವಾ ಮಾರಾಯ್ತಿ?"

"ಕ್ವೆಶ್ಚನ್ ಕೇಳೋದು ಅವರು, ನೀವಲ್ಲ!"

ಅಲ್ಲಿಂದ ನನ್ನೊಡನೆ ಮಾತಿಲ್ಲ. ಮೇಲೆ ಜೋರು ಮಾಡಿದರೂ ನಾನು ಒಳಗೆ ಹೋಗಿ ದೇವರಿಗೆ ಜೋಡಿ ದೀಪ ಹಚ್ಚಿದೆ. ಕೆಲಸ ಸಿಕ್ಕಿದ್ದು ಅವಳ ಓದಿಗೆ, ಒಪ್ಪಿದೆ. ಆದರೂ ಅಷ್ಟು ಅರ್ಜಿಗಳಲ್ಲಿ ಮನುಷ್ಯರ ಮುಖ ಕಂಡದ್ದು ಅದೊಂದೇ ಸಲ, ದಕ್ಕಿದ್ದೂ ಅದೇ.

ಇವತ್ತು ಸಂಜೆ, ಒಳ್ಳೇ ವ್ಯಾಪಾರದ ಹೊತ್ತಿನಲ್ಲಿ, ಮಗ ಶಟರು ಎಳೆದ. ಹೋಟೆಲಿನವರು ಒಬ್ಬರುಂಡ ಮೇಲೆ ಒಬ್ಬರು ಉಣ್ಣುವವರು. ಇವತ್ತು ಮಗ, ಸೊಸೆ, ಶ್ರಾವ್ಯಾ, ನಾನು ಗಿರಾಕಿಗಳ ಮೇಜಿನಲ್ಲೇ ಒಟ್ಟಿಗೆ ಕೂತೆವು.

"ಪಪ್ಪಾ, ದೀಪಾವಳಿ ನಂತರ ಗಲ್ಲಾದಲ್ಲಿ ಯಾರು?" ಶ್ರಾವ್ಯಾ ಚುಚ್ಚಿದಳು.

ಮಗ ತಲೆಯೆತ್ತದೆ ಅವಳ ಅನ್ನಕ್ಕೆ ತುಪ್ಪ ಸುರಿದ. "ನನಗೆಂತ ಕೈಕಾಲಿಲ್ವಾ? ನೀನು ಊಟ ಮಾಡು."

ಹೊರಗೆ ಯಾರೋ ಶಟರು ತಟ್ಟಿದರು. ಅಭ್ಯಾಸಬಲ, ನಾನು ಅರ್ಧ ಎದ್ದೆ. ಮಗ ಕೈ ಹಿಡಿದು ಕೂರಿಸಿದ.

"ಕೂತ್ಕೊಳ್ಳಿ ಅಮ್ಮ. ಇವತ್ತು ಮನೆಯವರ ಊಟ."