ಹವಲ್ಲಿಯಿಂದ ಮಂಗಳೂರಿನ ಕೋರ್ಟಿಗೆ

ನಮ್ಮ ಮದುವೆ ಆದದ್ದು ಮಂಗಳೂರಿನ ನೋಂದಣಿ ಕಚೇರಿಯಲ್ಲಿ. ಅದು ಮುಗಿದದ್ದೂ ಮಂಗಳೂರಿನಲ್ಲೇ. ಆದರೆ ಮುಗಿದ ದಿನ ನಾನು ಅಲ್ಲಿರಲಿಲ್ಲ. ಕುವೈತಿನ ಹವಲ್ಲಿಯಲ್ಲಿ, ನಾವಿಬ್ಬರೂ ಬಾಳಿದ ಮನೆಯಲ್ಲೇ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಫೋನಿನ ಮುಂದೆ ಕುಳಿತಿದ್ದೆ.

ನಾನು ಬಾಗಲಕೋಟೆ ಕಡೆಯವನು. ಇಲ್ಲಿ ಲಿಫ್ಟ್ ರಿಪೇರಿ ಮಾಡುವ ಕೆಲಸ. ಅವಳು ಮಂಗಳೂರಿನವಳು, ಮನೆಮಾತು ತುಳು. ಕುವೈತ್ ನಗರದ ಮಿರ್ಕಾಬ್ ಬಡಾವಣೆಯ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಿದ್ದಳು. ಆ ಕಟ್ಟಡದ ಲಿಫ್ಟು ಪದೇಪದೇ ಕೆಡುತ್ತಿತ್ತು. ಒಂದು ಬೆಳಿಗ್ಗೆ ನಾನು ಬಾಗಿಲು ತೆರೆದಿಟ್ಟುಕೊಂಡು, ಕಿವಿಯಲ್ಲಿ ಫೋನಿಟ್ಟು ಊರಿನ ಅಣ್ಣನ ಜೊತೆ ಮಾತಾಡುತ್ತ ಕೆಲಸ ಮಾಡುತ್ತಿದ್ದೆ. ಮೆಟ್ಟಿಲ ಕಡೆ ಹೊರಟಿದ್ದವಳು ತಿರುಗಿ ನಿಂತಳು.

"ನೀವು ಕನ್ನಡವಾ?"

"ಹೌದ್ರೀ."

"ಹಾಗಾದರೆ ಕನ್ನಡದಲ್ಲೇ ಕೇಳ್ತೇನೆ. ಈ ಲಿಫ್ಟು ಎಂತ, ವಾರಕ್ಕೊಮ್ಮೆ ಸಾಯ್ತದಾ ಮಾರಾಯ್ರೆ?"

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಐದು ಮಹಡಿ ಹತ್ತಬೇಕಿತ್ತಲ್ಲ.

ಜಾತಿ ಬೇರೆ, ಊಟ ಬೇರೆ, ಮಾತು ಬೇರೆ. ಎರಡೂ ಮನೆಯವರು ಜಗಳ ತೆಗೆಯಲಿಲ್ಲ, ಮುಂದೆ ನಿಂತು ಮಾಡಿಕೊಡಲೂ ಇಲ್ಲ. ಹಾಗಾಗಿ ರಿಜಿಸ್ಟರ್ ಮದುವೆ. ಒಂದು ತಿಂಗಳು ನಮ್ಮಿಬ್ಬರ ಹೆಸರು ಕಚೇರಿಯ ನೋಟಿಸು ಬೋರ್ಡಿನಲ್ಲಿ ತೂಗಿತು, ಯಾರೂ ಆಕ್ಷೇಪಿಸಲಿಲ್ಲ. ನನ್ನ ಕಡೆಯಿಂದ ಅಣ್ಣ ಬಂದಿದ್ದ, ಅವಳ ಕಡೆಯಿಂದ ಅಕ್ಕ. ಸಹಿ ಹಾಕಿ ಹೊರಗೆ ಬಂದಾಗ ಅಣ್ಣ ಸುತ್ತಮುತ್ತ ನೋಡಿ, "ಇಷ್ಟೇ ಏನೋ? ಒಂದು ಅಕ್ಕಿಕಾಳು ಇಲ್ಲಲ್ಲೋ" ಎಂದ. ಆಮೇಲೆ ಎದುರಿನ ಅಂಗಡಿಗೆ ಹೋಗಿ ಒಂದು ಹಿಡಿ ಅಕ್ಕಿ ಕೇಳಿ ತಂದು, ರಸ್ತೆಯಲ್ಲೇ ನಮ್ಮ ತಲೆಯ ಮೇಲೆ ಹಾಕಿದ.

ಹವಲ್ಲಿಯ ಮನೆ ಚಿಕ್ಕದು. ಕಿಟಕಿಯ ಕೆಳಗೆ ಮೊಬೈಲ್ ಅಂಗಡಿಗಳ ಸಾಲು, ಸದಾ ಹಾರ್ನು. ಅವಳು ಕಾಲೇಜಿನಲ್ಲಿ ಈಜುಗಾರ್ತಿಯಾಗಿದ್ದವಳು. ಶುಕ್ರವಾರ ನಸುಕಿನಲ್ಲೇ ನನ್ನನ್ನು ಎಬ್ಬಿಸಿ ಸಮುದ್ರಕ್ಕೆ ಕರೆದೊಯ್ಯುತ್ತಿದ್ದಳು. ಬಾವಿಯನ್ನು ಬಗ್ಗಿ ನೋಡಲೂ ಹೆದರುವವನು ನಾನು. ಅವಳು ಉದ್ದ ತೋಳಿನ ಬಟ್ಟೆಯಲ್ಲೇ ನೀರಿಗಿಳಿದು, ನನ್ನ ಬೆನ್ನ ಕೆಳಗೆ ಅಂಗೈ ಇಟ್ಟು, "ತಲೆ ಬಿಡಿ. ಕುತ್ತಿಗೆ ಯಾಕೆ ಕಲ್ಲಿನ ಹಾಗೆ ಮಾಡ್ತೀರಿ? ನಾನು ಹಿಡ್ಕೊಂಡಿದ್ದೇನಲ್ಲ" ಎನ್ನುತ್ತಿದ್ದಳು. ಕಿವಿಗೆ ನೀರು ತುಂಬಿ ಅವಳ ಮಾತು ಎಲ್ಲೋ ದೂರದಿಂದ ಬಂದಂತೆ ಕೇಳುತ್ತಿತ್ತು. ನನಗೆ ಈಜು ಬರಲಿಲ್ಲ. ತೇಲುವುದು ಮಾತ್ರ ಬಂತು, ಅದೂ ಅವಳ ಕೈ ಇದ್ದರೆ.

ಕೆಲವು ವರ್ಷಗಳ ನಂತರ ಅವಳ ಆಫೀಸು ಮುಚ್ಚಿತು. ಬೇರೆ ಕೆಲಸ ಸಿಗಲಿಲ್ಲ. ಅವಳ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ನನ್ನ ಹೆಸರಿನ ಕೆಳಗೆ ಬಂತು. ಇಡೀ ದಿನ ಮನೆಯಲ್ಲೇ. ಬೇಸಿಗೆಯಲ್ಲಿ ಕಿಟಕಿ ತೆರೆಯುವಂತಿಲ್ಲ. ನಾನು ರಾಯ್ ಎಂಬ ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿನಿಂದ ದಣಿದು ಬರುತ್ತಿದ್ದೆ. ನಮ್ಮಲ್ಲಿ ಜಗಳ ಆಗಲಿಲ್ಲ. ಮಾತು ಕಡಿಮೆಯಾಯಿತು, ಅಷ್ಟೇ. ಮಕ್ಕಳಾಗಲಿಲ್ಲ, ಅದರ ಬಗ್ಗೆ ಮಾತಾಡುವುದನ್ನೂ ಇಬ್ಬರೂ ಬಿಟ್ಟೆವು.

ಅಕ್ಕನ ಮನೆಯಲ್ಲಿ ಸ್ವಲ್ಪ ದಿನ ಇದ್ದು ಬರುತ್ತೇನೆಂದು ಅವಳು ಊರಿಗೆ ಹೋದಳು. ಅಲ್ಲಿ ಒಂದು ಈಜುಕೊಳದಲ್ಲಿ ಹೆಣ್ಣುಮಕ್ಕಳಿಗೆ ಕಲಿಸಲು ಯಾರಾದರೂ ಬೇಕಿತ್ತು. ಸುಮ್ಮನೆ ನೋಡಿ ಬರಲು ಹೋದವಳು ನೀರಿಗಿಳಿದಳು. ಫೋನಿನಲ್ಲಿ ಅವಳ ದನಿಯೇ ಬದಲಾಯಿತು. ನಾನು ಎಷ್ಟೋ ವರ್ಷಗಳಿಂದ ಕೇಳದ ದನಿ ಅದು. ಆ ಮಿರ್ಕಾಬಿನ ಮೆಟ್ಟಿಲ ಬಳಿಯ ದನಿ.

ಆರು ತಿಂಗಳು ಹೊರಗಿದ್ದರೆ ಇಲ್ಲಿಯ ಇಕಾಮಾ ರದ್ದಾಗುತ್ತದೆ. ಆ ಗಡುವು ಹತ್ತಿರ ಬಂದಾಗ ಕೇಳಿದೆ.

"ಟಿಕೀಟ್ ತಗಸ್ಲೇನು?"

"ಬೇಡ ಮಾರಾಯ್ರೆ. ಅದು ರದ್ದಾಗಲಿ" ಎಂದಳು.

ನಾನು ರಜೆ ಹಾಕಿ ಹೋದೆ. ಅಲ್ಲೇ ಕೆಲಸ ಹುಡುಕಿ ಉಳಿಯಬಹುದೇನೋ ಎಂಬ ಆಸೆ. ಅವಳೊಂದು ಚಿಕ್ಕ ಬಾಡಿಗೆ ಮನೆ ಮಾಡಿದ್ದಳು. ಬೆಳಕು ಹರಿಯುವ ಮುಂಚೆ ಹೊರಟು, ಒದ್ದೆ ಕೂದಲಲ್ಲಿ ನಗುತ್ತ ಬರುತ್ತಿದ್ದಳು. ನನ್ನನ್ನು ಚೆನ್ನಾಗಿ ನೋಡಿಕೊಂಡಳು. ಬಿಸಿನೀರು ಕಾಯಿಸಿಡುವುದು, ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳುವುದು. ನನಗೆಷ್ಟು ಸಕ್ಕರೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆ ಪ್ರಶ್ನೆ ಕೇಳಿದ ದಿನವೇ ನಾನು ನೆಂಟನೆಂದು ತಿಳಿಯಿತು. ಹೊರಡುವ ಹಿಂದಿನ ಸಂಜೆ ಜಗಲಿಯಲ್ಲಿ ಕುಳಿತು ಅವಳೇ ಶುರುಮಾಡಿದಳು.

"ನಾವು ಹೀಗೆ ಅರ್ಧಂಬರ್ಧ ಇರುದು ಬೇಡ. ನಿಮಗೂ ಒಳ್ಳೇದಲ್ಲ, ನನಗೂ ಅಲ್ಲ."

"ಸಿಟ್ಟೈತೇನು ನನ್ನ ಮ್ಯಾಲೆ?"

"ಸಿಟ್ಟಿದ್ದರೆ ಸುಲಭ ಇತ್ತು" ಎಂದಳು.

ಕುವೈತಿಗೆ ಮರಳಿದ ಮೇಲೆ, ಜೊತೆಗೆ ಕೆಲಸ ಮಾಡುವವನೊಬ್ಬ, "ಎಂಬಸಿಗೆ ಹೋಗು ಭಾಯಿ, ಒಂದು ಸಹಿ, ಖಲಾಸ್" ಎಂದ. ಹೋದೆ. ಕಿಟಕಿಯ ಹಿಂದಿದ್ದವರು ತಲೆಯಾಡಿಸಿ, ಮದುವೆ ಎಲ್ಲಿ ದಾಖಲಾಗಿದೆಯೋ ಅಲ್ಲಿಯ ಕೋರ್ಟಿಗೇ ಹೋಗಬೇಕು, ಇಲ್ಲಿ ನಿಮ್ಮ ಸಹಿ ನಿಮ್ಮದೇ ಎಂದು ಮುದ್ರೆ ಹಾಕಿಕೊಡುತ್ತೇವೆ ಅಷ್ಟೇ ಎಂದರು. ಮಂಗಳೂರಿನ ವಕೀಲರು ದಾರಿ ಹೇಳಿದರು: ಇಬ್ಬರ ಒಪ್ಪಿಗೆಯ ಅರ್ಜಿ. ನನ್ನ ಪರವಾಗಿ ಓಡಾಡಲು ಅಣ್ಣನಿಗೆ ಅಧಿಕಾರಪತ್ರ. ಯೋಚಿಸಲು ಆರು ತಿಂಗಳ ಅವಕಾಶ. ಕೊನೆಗೆ ನ್ಯಾಯಾಧೀಶರು ವಿಡಿಯೋದಲ್ಲಿ ನನ್ನನ್ನೇ ಕೇಳುತ್ತಾರೆ.

ಅಕ್ಕಿಕಾಳು ಹಾಕಿದ ಅಣ್ಣನೇ ಅರ್ಜಿ ಕೊಡಲು ಬಾಗಲಕೋಟೆಯಿಂದ ಇಡೀ ರಾತ್ರಿ ಬಸ್ಸಿನಲ್ಲಿ ಹೋದ. ಮರುದಿನ ಫೋನು ಮಾಡಿದ.

"ತಮ್ಮಾ, ಕೋರ್ಟಿನ ಮೆಟ್ಟಲಾ ಹತ್ತಾಕ ಕಾಲ ಒಲ್ಲೆ ಅನ್ನಾಕತ್ತಿದ್ವು. ಕೆಲಸ ಮುಗದ ಮ್ಯಾಲೆ ಆಕಿ ಬಂದು, 'ಭಾವ, ಹೊರಗೆ ತಿನ್ನುದು ಬೇಡ, ಮನೆಗೆ ಬನ್ನಿ' ಅಂದ್ಲು. ನನಗಂತ ರೊಟ್ಟಿ ಬಡದಿದ್ಲಪಾ. ದಪ್ಪ ಆಗಿದ್ವು, ಆದ್ರೂ ಬಡದಿದ್ಲು. ಸಂಬಂಧ ಹರಿಯಾಕ ಹೋದಾವ ಆ ಮನ್ಯಾಗ ಉಂಡು ಬಂದೆ."

"ಏನರೆ ಅಂದ್ಲೇನು?"

"ಇನ್ನೊಮ್ಮೆ ನೋಡವ್ವಾ ಅಂದೆ. ಕಣ್ಣಾಗ ನೀರ ತಂದ್ಲು. ಬ್ಯಾರೆ ಮಾತ ಆಡ್ಲಿಲ್ಲ."

ವಿಚಿತ್ರವೆಂದರೆ, ಆ ಕಾಯುವ ತಿಂಗಳುಗಳಲ್ಲಿ ನಾವು ಮತ್ತೆ ಮಾತಾಡತೊಡಗಿದೆವು. ಮೊದಮೊದಲು ವಕೀಲರು ಕೇಳಿದ ಕಾಗದಗಳ ವಿಷಯ. ಆಮೇಲೆ ಸುಮ್ಮನೆ. ಕೆಲಸ ಮುಗಿಸಿ ಮನೆಗೆ ಬರುವಾಗ ವ್ಯಾನಿನಲ್ಲಿ ಕುಳಿತು ಕರೆ ಮಾಡುತ್ತಿದ್ದೆ. ನೀರು ಕಂಡರೆ ಅಳುತ್ತಿದ್ದ ಹುಡುಗಿ ಕೊಳದ ಈ ತುದಿಯಿಂದ ಆ ತುದಿಗೆ ಹೋದದ್ದನ್ನು ಅವಳು ಹೇಳುತ್ತಿದ್ದಳು. ಲಿಫ್ಟಿನಲ್ಲಿ ಸಿಕ್ಕಿಬಿದ್ದು, ನಾನು ಬಾಗಿಲು ತೆರೆದ ಕೂಡಲೇ ನನ್ನ ಹಣೆಗೆ ಮುತ್ತಿಟ್ಟ ಅರಬ್ಬಿ ಅಜ್ಜಿಯೊಬ್ಬಳ ಕಥೆ ನಾನು ಹೇಳಿದೆ. ಅವಳು ನಕ್ಕು ನಕ್ಕು ಕೆಮ್ಮಿದಳು. ಒಂದೇ ಮನೆಯಲ್ಲಿದ್ದಾಗ ಇಂಥ ಕಥೆಗಳು ನಮ್ಮ ಬಾಯಿಗೆ ಬರುತ್ತಿರಲಿಲ್ಲ. ನನ್ನೊಳಗೆ ಆಸೆ ಚಿಗುರಿತು. ಕೋರ್ಟಿನ ದಿನ ಹತ್ತಿರವಾದಾಗ ತಡೆಯಲಾಗದೆ ಕೇಳಿಯೇಬಿಟ್ಟೆ.

"ಇಷ್ಟ ಚಂದ ಮಾತಾಡ್ತೀವಲ್ಲ, ಅರ್ಜಿ ವಾಪಸ್ ತಗೊಳ್ಳೂಣೇನು?"

"ನಾನೂ ಯೋಚನೆ ಮಾಡಿದ್ದೆ" ಎಂದಳು. "ಆದರೆ ಒಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಬಿಟ್ಟುಕೊಡ್ಲಿಕ್ಕೆ ಒಪ್ಪಿದ ಮೇಲೆ ಅಲ್ವಾ ನಮಗೆ ಮಾತು ಬಂದದ್ದು? ಅರ್ಜಿ ವಾಪಸ್ ತಗೊಂಡರೆ ನೀವು ಅಲ್ಲಿ, ನಾನು ಇಲ್ಲಿ, ಪುನಃ ಒಬ್ಬರನ್ನೊಬ್ಬರು ಕಾಯುದು. ನನಗೆ ಕಾಯ್ಲಿಕ್ಕೆ ಆಗುದಿಲ್ಲ."

ನಾನು ಇಲ್ಲಿಯದನ್ನು ಬಿಟ್ಟು ಬರುತ್ತೇನೆ ಎನ್ನಬಹುದಿತ್ತು. ಹೋಗಿ ನೋಡಿದ್ದೆನಲ್ಲ, ಸಕ್ಕರೆ ಸಾಕೇ ಎಂದು ಕೇಳಿದ ಆ ಮನೆಯನ್ನು.

ಆ ಬೆಳಿಗ್ಗೆ ಪರದೆಯ ಮೇಲೆ ಕೋರ್ಟಿನ ಕೋಣೆ ಮೂಡಿತು. ನ್ಯಾಯಾಧೀಶರು ಒಬ್ಬ ಹೆಂಗಸು. ಒಂದು ಮೂಲೆಯಲ್ಲಿ ಅವಳು ನಿಂತಿದ್ದಳು, ನಾನು ಇಲ್ಲಿಂದಲೇ ಕೊಂಡುಹೋಗಿದ್ದ ನೀಲಿ ಚೂಡಿದಾರ ತೊಟ್ಟು. ಬೇಕೆಂದೇ ತೊಟ್ಟಳೋ, ಕೈಗೆ ಸಿಕ್ಕಿತೆಂದು ತೊಟ್ಟಳೋ ನಾನು ಇಂದಿಗೂ ಕೇಳಿಲ್ಲ.

"ಯಾರಾದರೂ ಒತ್ತಾಯ ಮಾಡಿದ್ದಾರಾ?"

"ಇಲ್ಲ ಮೇಡಂ."

"ಮತ್ತೆ ಒಟ್ಟಿಗೆ ಬಾಳುವ ಸಾಧ್ಯತೆ ಇದೆಯಾ?"

ನನ್ನ ಬಾಯಿ ತೆರೆಯಲಿಲ್ಲ. ಸಂಪರ್ಕ ಕಡಿದಿದೆಯೆಂದು ಅವರಿಗೆ ಅನಿಸಿರಬೇಕು, "ಹಲೋ, ಕೇಳಿಸ್ತಾ ಇದೆಯಾ?" ಎಂದರು. ಅವಳು ತಲೆ ಎತ್ತಿ ಪರದೆಯತ್ತ ನೋಡಿದಳು.

"ಕೇಳಿಸ್ತದ ಮೇಡಂ" ಎಂದೆ. "ಇಲ್ಲ. ಸಾಧ್ಯತೆ ಇಲ್ಲ."

ಅವಳೂ ಅದನ್ನೇ ಹೇಳಿದಳು, ಮೆಲ್ಲಗೆ. ಸ್ವಲ್ಪ ಹೊತ್ತಿನಲ್ಲಿ ಮುಗಿಯಿತು. ಪರದೆ ಕಪ್ಪಾಯಿತು. ಅಂಗಿಯನ್ನೂ ಬಿಚ್ಚದೆ ಹಾಗೇ ಕುಳಿತಿದ್ದೆ. ಕೋರ್ಟಿನ ಹೊರಗಿನಿಂದ ಅವಳು ಕರೆ ಮಾಡಿದಳು. ಸುತ್ತ ರಿಕ್ಷಾಗಳ ಸದ್ದು.

"ತಿಂಡಿ ತಿಂದ್ರಾ?"

"ಇನ್ನೂ ಇಲ್ಲ."

"ತಿನ್ನಿ. ಹಸಿದ ಹೊಟ್ಟೆಯಲ್ಲಿ ಕೆಲಸಕ್ಕೆ ಹೋಗ್ಬೇಡಿ." ಆಮೇಲೆ ಅವಳಿಗೆ ಅಳು ಬಂತು, ನನಗೂ. ಎರಡೂ ಕಡೆ ಫೋನು ಹಿಡಿದುಕೊಂಡೇ ಅತ್ತೆವು. ಮೊದಲು ಯಾರು ಇಟ್ಟರೋ ನೆನಪಿಲ್ಲ.

ಈಗ ನಾವು ಹೆಚ್ಚು ಮಾತಾಡುವುದಿಲ್ಲ. ಹಬ್ಬಕ್ಕೊಮ್ಮೆ ಒಂದು ಸಂದೇಶ ಬರುತ್ತದೆ, ಕೆಲವೊಮ್ಮೆ ಕೊಳದ ಮಕ್ಕಳ ಒಂದು ಫೋಟೋ. ಅವಳು ಅದರಲ್ಲಿರುವುದಿಲ್ಲ. ತೆಗೆದವಳು ಅವಳೇ ಅಲ್ಲವೇ. ಆದರೂ ನೀರಿನ ಮೇಲೆ ಬಿದ್ದ ನೆರಳುಗಳಲ್ಲಿ ಅವಳದು ಯಾವುದೆಂದು ಹುಡುಕುತ್ತೇನೆ.

ನಮ್ಮ ಕಟ್ಟಡ ನೋಡಿಕೊಳ್ಳುವ ಈಜಿಪ್ತಿನ ಮುದುಕನಿಗೆ ಅವಳೆಂದರೆ ಅಕ್ಕರೆ. ಮೊನ್ನೆಯೂ ಬಾಗಿಲಲ್ಲಿ ತಡೆದು, ಮದಾಮ್ ಯಾವಾಗ ಬರುತ್ತಾರೆ ಎಂದು ಕೇಳಿದ. ನಿಜ ಹೇಳಲು ನನಗೆ ಬರುವ ಅರಬ್ಬಿ ಸಾಕು. ಆದರೆ ಬಾಯಿಗೆ ಬಂದದ್ದು, "ಬುಕ್ರಾ." ನಾಳೆ ಎಂದರ್ಥ. ಅವನು ಸಂತೋಷದಿಂದ ಅಲ್ಲಾಹನನ್ನು ನೆನೆದ. ನಾನು ಮೇಲೆ ಹೋಗಿ ಬಾಗಿಲು ತೆರೆದು, ದೀಪ ಹಾಕದೆ ಸ್ವಲ್ಪ ಹೊತ್ತು ನಿಂತಿದ್ದೆ.