ಜಾಂಬಳಿ ತಳದ ರದ್ದಿ ಪುಟ್ಟಿ

ಮೆಂತ್ಯದ ವಾಸನೆ ಬಂದರೆ ನಿಮಗೆ ಏನು ನೆನಪಾಗುತ್ತದೋ ನನಗೆ ಗೊತ್ತಿಲ್ಲ. ಬಹಳ ಮಂದಿಗೆ ಉಪ್ಪಿನಕಾಯಿ ನೆನಪಾಗಬಹುದು, ಬಾಣಂತಿಯ ಉಂಡಿ ನೆನಪಾಗಬಹುದು. ನನಗೆ ಮಾತ್ರ ಕಾಗದ ನೆನಪಾಗುತ್ತದೆ. ನೀರಿನಲ್ಲಿ ನೆಂದು, ಒರಳಲ್ಲಿ ಕುಟ್ಟಿಸಿಕೊಂಡು, ತಾನು ಕಾಗದವಾಗಿದ್ದೆ ಎಂಬುದನ್ನೇ ಮರೆತ ಕಾಗದ. ಮೊನ್ನೆ ಮಳೆ ಹಿಡಿದುಕೊಂಡಿದ್ದಾಗ ನನ್ನ ಸೊಸೆ ಅಟ್ಟ ಸ್ವಚ್ಛ ಮಾಡುತ್ತಾ ಒಂದು ಹಳೆಯ ಪುಟ್ಟಿಯನ್ನು, ಕಾಗದ ಕುಟ್ಟಿ ಮಾಡಿದ ಬುಟ್ಟಿಯನ್ನು, ಕೆಳಗಿಳಿಸಿದಳು. ತಂಪು ಗಾಳಿಗೆ ಅದು ಇಷ್ಟು ವರ್ಷದ ಮೇಲೂ ಮೆಂತ್ಯದ ಕಹಿ ವಾಸನೆ ಬಿಟ್ಟಿತು.

"ಅತ್ತಿ, ಇದಕ್ಕ ಹುಳ ಹತ್ಯಾವ್ರಿ. ಒಗದ್ ಬಿಡ್ಲೇನ್ರಿ?" ಎಂದಳು.

"ತಡಿಯವ್ವ, ನೋಡ್ತೀನಿ" ಎಂದು ಕೈಗೆ ತೆಗೆದುಕೊಂಡೆ. ತೆಗೆದುಕೊಳ್ಳಬಾರದಿತ್ತು. ಆದರೆ ಈ ವಯಸ್ಸಿನಲ್ಲಿ ಬುದ್ಧಿ ಬರುವುದು ಕೆಲಸ ಆದ ಮೇಲೆಯೇ. ಅದು ನನಗೆ ಎಳೆ ವಯಸ್ಸಿನಲ್ಲೂ ಹಾಗೆಯೇ ಇತ್ತೆನ್ನಿ.

ಪುಟ್ಟಿ ಗುರುಬಾಯಿಯದು. ಗುರುಬಾಯಿ ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಕರಜಗಿಯಿಂದ ನಿಂಬರ್ಗಾಕ್ಕೆ ಸೊಸೆಯಾಗಿ ಬಂದಾಗ ನಿಜಾಮರ ರಾಜ್ಯ, ದೂರದಲ್ಲೆಲ್ಲೋ ದೊಡ್ಡ ಲಡಾಯಿ. ಲಡಾಯಿಯಿಂದ ನಮ್ಮೂರಿಗೆ ಬಂದದ್ದು ಇಷ್ಟೇ: ಬಟ್ಟೆ ಸಿಗದು, ದೀಪಕ್ಕೆ ಘಾಸಲೇಟ್ ಎಣ್ಣೆ ಸಿಗದು, ಕಾಗದ ಸಿಗದು. ಇದ್ದದ್ದರಲ್ಲಿ ಇಲ್ಲದ್ದನ್ನು ಮಾಡಿಕೊಳ್ಳುವ ಆ ಕಾಲದಲ್ಲಿ ನಮ್ಮ ಗುರುಬಾಯಿ ರಾಣಿಯ ಹಾಗಿದ್ದಳು.

ಅವಳು ಕೌದಿ ಹೊಲಿಯುವವಳು. ಕೌದಿ ಎಂದರೆ ಹಳೆ ಬಟ್ಟೆಯ ತುಂಡು ಕೂಡಿಸಿ ಹೊಲಿಯುವ ಹೊದಿಕೆ, ನಿಮಗೆ ಹೇಳಬೇಕಾಗಿಲ್ಲ. ಆದರೆ ಅವಳ ಕೌದಿಗಿಂತ ಅವಳ ಸಾಮಾನು ಇಡುವ ಪರಿ ನೋಡುವಂತಿತ್ತು. ಘಾಸಲೇಟ್ ಡಬ್ಬಿಯನ್ನು ಉದ್ದುದ್ದ ಸೀಳಿಸಿ, ಅಂಚು ಬಡಿದು, ಒಂದರಲ್ಲಿ ಕೆಂಪು ತುಂಡು, ಇನ್ನೊಂದರಲ್ಲಿ ಹಸಿರು. ಕಡ್ಡಿಪೆಟ್ಟಿಗೆಗಳನ್ನು ಹುಣಸೆ ಬೀಜದ ಅಂಟಿನಿಂದ ಒಂದರ ಮೇಲೊಂದು ಕೂಡಿಸಿ, ಒಂದೊಂದಕ್ಕೂ ಹರಿದ ಅಂಗಿಯ ಗುಂಡಿ ಹೊಲಿದು, ಎಳೆದರೆ ಬರುವ ಪುಟ್ಟ ಖಾನೆಗಳನ್ನು ಮಾಡಿದ್ದಳು. ಸೂಜಿ ಚುಚ್ಚಿಡಲು ಜೋಳದ ದಂಟಿನ ಬೆಂಡು. ತೆಂಗಿನ ಪರಟೆಗೆ ತೂತು ಹಾಕಿ ಗೂಟಕ್ಕೆ ಇಳಿಬಿಟ್ಟರೆ ಅದು ದಾರದ ಉಂಡೆಗೆ. ಒಡೆದ ಬಳೆಯ ಚೂರಿಗೂ ಅವಳಲ್ಲಿ ಒಂದು ಪರಟೆ ಇತ್ತು. "ಎಲ್ಲಾಕೂ ಒಂದು ಜಾಗ ಇರಬೇಕ್ ನೋಡ ತಂಗೆವ್ವ. ಜಾಗ ಇಲ್ಲದ್ದು ಕಳದ್ಹಂಗ" ಎನ್ನುತ್ತಿದ್ದಳು.

ಇನ್ನು ನನ್ನ ಪ್ರತಾಪ ಕೇಳಿ. ನಾನು ಓದು ಬಲ್ಲವಳು. ತವರಿನಲ್ಲಿ ಐಗಳು ನಡೆಸುತ್ತಿದ್ದ ಹಳ್ಳಿಯ ಗಾಂವಠಿ ಶಾಲೆಯಲ್ಲಿ ಅಣ್ಣನ ಹಿಂದೆ ಕುಳಿತು ಕನ್ನಡ ಅಕ್ಷರ ಕಲಿತಿದ್ದೆ, ಅಷ್ಟೇ. ಆದರೆ ನಿಂಬರ್ಗಾದ ನಮ್ಮ ಓಣಿಯಲ್ಲಿ ಓದು ಬರುವ ಹೆಣ್ಣು ನಾನೊಬ್ಬಳೇ. "ಓದೂ ಸೊಸಿ" ಎಂದು ಕರೆಯುತ್ತಿದ್ದರು. ಪಂಚಾಂಗ ತಂದವರೂ ನನ್ನ ಹತ್ತಿರ, ಕಾರ್ಡು ಬಂದವರೂ ನನ್ನ ಹತ್ತಿರ. ಗೊತ್ತಿಲ್ಲದ ಶಬ್ದ ಬಂದರೆ ಕೆಮ್ಮಿ ಮುಂದೆ ಹೋಗುತ್ತಿದ್ದೆ. ಕೆಮ್ಮಿನ ಗುಟ್ಟು ಯಾರಿಗೂ ತಿಳಿಯಲಿಲ್ಲ. ಸೆರಗು ಸರಿ ಮಾಡಿಕೊಂಡು, ಗಂಟಲು ಸರಿ ಮಾಡಿಕೊಂಡು ನಾನು ಓದಲು ಕೂರುವ ಠೀವಿಯನ್ನು ಈಗ ನೆನೆದರೆ ನನಗೇ ಒಂದು ಬಾರಿಸಬೇಕೆನಿಸುತ್ತದೆ.

ಆ ವರ್ಷ ಭಾವ, ಗುರುಬಾಯಿಯ ಗಂಡ, ಸೊಲ್ಲಾಪುರದ ಗಿರಣಿಗೆ ಕೆಲಸಕ್ಕೆ ಹೋದರು. ಕೋಣೆ ಸಿಕ್ಕ ಕೂಡಲೇ ಹೆಂಡತಿಯನ್ನು ಕರೆಸಿಕೊಳ್ಳುವ ಮಾತು. ತಿಂಗಳಿಗೊಮ್ಮೆ ಜೊತೆಯ ಕನ್ನಡದವನೊಬ್ಬನ ಕೈಯಲ್ಲಿ ಕಾರ್ಡು ಬರೆಸುತ್ತಿದ್ದರು. ನಾನು ಅದನ್ನು ಮೂರು ಸಲ ಓದಬೇಕು, ಗುರುಬಾಯಿ ಮೂರು ಸಲವೂ ಹೊಸದಾಗಿ ಕೇಳಬೇಕು. "ಗಿರಣಿ ಚಾಳಿನ ಕ್ವಾಣಿ ಸಣ್ಣದಿರ್ತದಂತ" ಎಂದು ಅವಳು ತನ್ನ ಹೊಲಿಗೆಯ ಸಂಸಾರವನ್ನೆಲ್ಲ ಒಂದೇ ಪುಟ್ಟಿಯಲ್ಲಿ ಹಿಡಿಸುವ ಲೆಕ್ಕಾಚಾರದಲ್ಲಿ ತೊಡಗಿದಳು. ದೊಡ್ಡ ಪುಟ್ಟಿ ಒಂದು, ಅದರೊಳಗೆ ಕೂರುವ ಸಣ್ಣವು ನಾಲ್ಕು. ಸಣ್ಣವು ಆಗಿದ್ದವು. ದೊಡ್ಡದು ಆಗಬೇಕಿತ್ತು.

ರದ್ದಿ ಪುಟ್ಟಿ ಮಾಡುವುದನ್ನು ನೀವು ಕಂಡಿರಲಿಕ್ಕಿಲ್ಲ. ರದ್ದಿ ಕಾಗದ ಹರಿದು ನಾಲ್ಕು ದಿನ ನೀರಲ್ಲಿ ನೆನೆಹಾಕಬೇಕು. ಮೆಂತ್ಯ ನೆನೆಸಿ ಅದರ ಜೊತೆ ಒರಳಲ್ಲಿ ಕುಟ್ಟಬೇಕು. ರೊಟ್ಟಿ ಹಿಟ್ಟಿನ ಹದಕ್ಕೆ ಬಂದ ಮೇಲೆ ಬೋರಲು ಹಾಕಿದ ಕೊಡಕ್ಕೆ ಬೂದಿ ಸವರಿ, ಅದರ ಮೇಲೆ ಬಡಿದು, ಬಿಸಿಲಲ್ಲಿ ಒಣಗಿಸಿ, ತಟ್ಟಿ ಬಿಡಿಸಬೇಕು. ಕುಟ್ಟುವುದಕ್ಕಿಂತ ಮುಂಚೆ ಕಾಗದ ಆರಿಸುವ ಕೆಲಸ ಒಂದಿತ್ತು, ಅದು ನನ್ನದು. ನಮ್ಮ ಸೀಮೆಯಲ್ಲಿ ಮೂರು ಬಗೆಯ ಬರಹ. ಉರ್ದು ಇದ್ದರೆ ಕುಟ್ಟುವಂತಿಲ್ಲ, ಸರಕಾರದ್ದು ಇರಬಹುದು. ಕನ್ನಡವಿದ್ದರೆ ನಾನು ಓದಿ ನೋಡಿ ಹೇಳಬೇಕು, ದೇವರ ಹೆಸರು ಇರಬಹುದು. ಮೂರನೆಯದು ಮೋಡಿ, ಮರಾಠಿ ಅಂಗಡಿಯವರು ಮೇಲೆ ಒಂದು ಗೆರೆ ಎಳೆದು ಕೈ ಎತ್ತದೆ ಬರೆದುಕೊಂಡು ಹೋಗುವ ಅಕ್ಷರ. ಅದು ಮನೆಯಲ್ಲಿ ಯಾರಿಗೂ ಬಾರದು. ಬಾರದ್ದರಿಂದ ಅದೆಲ್ಲ ಅಂಗಡಿಯ ರದ್ದಿ ಎಂದು ನಾವು ತೀರ್ಮಾನ ಮಾಡಿಕೊಂಡಿದ್ದೆವು. ನೀವು ನಗಬಹುದು. ನಮಗೆ ಆಗ ಅದು ಬಹಳ ಜಾಣ ಏರ್ಪಾಡು ಎನಿಸಿತ್ತು.

ಆಳಂದದ ಅಂಗಡಿಯೊಂದರಿಂದ ನನ್ನ ಗಂಡ ರದ್ದಿಯ ಕಟ್ಟೊಂದನ್ನು ತಂದು ಪಡಸಾಲೆಯಲ್ಲಿ ಇಟ್ಟು ಹೊಲಕ್ಕೆ ಹೋದರು. ಗುರುಬಾಯಿ ಅಂಗಳದಲ್ಲಿ ಕೊಡಕ್ಕೆ ಬೂದಿ ಸವರುತ್ತಿದ್ದಳು. ನಾನು ಕಟ್ಟು ಬಿಚ್ಚಿದೆ. ಎಲ್ಲಕ್ಕೂ ಮೇಲೆ, ದಾರದ ಕೆಳಗೆ ಸಿಕ್ಕಿಸಿದ್ದ ಒಂದು ಹಾಳೆ, ನಾಲ್ಕು ಮಡಿಕೆ. ಬಿಡಿಸಿದೆ. ಮೋಡಿ. ಉಳಿದ ಹಾಳೆಗಳೆಲ್ಲ ಕರಿ ಶಾಯಿ, ಇದು ಜಾಂಬಳಿ ಪೆನ್ಸಿಲ್ಲು, ನೇರಳೆ ಹಣ್ಣಿನ ಬಣ್ಣ. ಬೇರೆ ಎಂದು ನನಗೆ ಕಂಡಿತು. ಕಂಡಿಲ್ಲವೆಂದು ಸುಳ್ಳು ಹೇಳಲಾರೆ.

"ಏನದು ತಂಗೆವ್ವ, ಅಷ್ಟೊತ್ತು ನೋಡಾಕತ್ತೀದಿ?" ಎಂದಳು ಅವಳು, ತಲೆ ಎತ್ತದೆ.

ನನಗ ಇದು ಓದಾಕ ಬರಂಗಿಲ್ಲಕ್ಕ. ಇಷ್ಟು ಅನ್ನಬೇಕಿತ್ತು. ಅಂದಿದ್ದರೆ ಅವಳು ಯಾರನ್ನಾದರೂ ಕೇಳಿಬರಲು ಕಳಿಸುತ್ತಿದ್ದಳು. ಆದರೆ ಓದೂ ಸೊಸಿಯ ಬಾಯಲ್ಲಿ ಆ ಮಾತು ಹೇಗೆ ಬರಬೇಕು? ಕೆಮ್ಮಿದೆ.

"ಏನಿಲ್ಲಕ್ಕ. ಅಂಗಡಿ ರದ್ದಿ ಅದ."

ಹೇಳಿ, ನಾನೇ ನಾಲ್ಕು ಚೂರು ಮಾಡಿ ನೆನೆಹಾಕುವ ನೀರಿನ ತೊಟ್ಟಿಗೆ ಹಾಕಿದೆ.

ಮರುದಿನ ತೊಟ್ಟಿಯ ಒಂದು ಮೂಲೆಯ ನೀರೆಲ್ಲ ಜಾಂಬಳಿ. ಗುರುಬಾಯಿ ನಕ್ಕಳು, ಕೈ ಅದ್ದಿ ನನ್ನ ಗಲ್ಲಕ್ಕೆ ಹಚ್ಚಿದಳು. "ಎಷ್ಟ ಚಂದ ಬಣ್ಣ ಬಿಟ್ಟದ ನೋಡಬೇ. ಇದನ್ನ ಬ್ಯಾರೆ ಕುಟ್ಟೋಣು, ತಳಕ್ಕ ಹಾಕ್ತೀನಿ" ಎಂದಳು. ಬೇರೆಯಾಗಿಯೇ ಕುಟ್ಟಿದೆವು. ನಾನು ಒನಕೆ ಹಾಕಿದೆ, ಅವಳು ಕೈಯಿಂದ ತಿರುವಿದಳು. ಪುಟ್ಟಿಯ ತಳದಲ್ಲಿ ರೊಟ್ಟಿಯಷ್ಟಗಲದ ಜಾಂಬಳಿ ಚಂದ್ರ ಕೂತಿತು. ಅವಳು ಅದರೊಳಗೆ ಸಣ್ಣ ಪುಟ್ಟಿಗಳನ್ನು ಜೋಡಿಸಿ, ತೆಗೆದು, ಮತ್ತೆ ಜೋಡಿಸಿ ನೋಡಿದಳು. ಎಲ್ಲ ಸರಿಯಾಗಿ ಕೂತವು. ಇನ್ನು ಕರೆ ಬರುವುದೊಂದೇ ಬಾಕಿ.

ಆ ತಿಂಗಳು ಕಾರ್ಡು ಬರಲಿಲ್ಲ. ಅದರ ಮುಂದಿನ ತಿಂಗಳು ಬಂದದ್ದು ಮೌಲಾಸಾಬ. ನಮ್ಮೂರಿನವನೇ, ಭಾವನ ಜೊತೆ ಅದೇ ಗಿರಣಿಯಲ್ಲಿದ್ದ. ಪಡಸಾಲೆಯಲ್ಲಿ ಟೊಪ್ಪಿಗೆ ತೆಗೆದು ಕೂತ. ಭಾವ ಇಲ್ಲವಾಗಿ ಇಪ್ಪತ್ತು ದಿನ ಆಗಿತ್ತು. ವಿಷಮಜ್ವರ. ಮಣ್ಣೂ ಅಲ್ಲೇ ಆಗಿತ್ತು. ಒಳಗೆ ಗುರುಬಾಯಿಯ ಸುತ್ತ ಹೆಂಗಸರು ಸೇರಿ ಅಳು ಎದ್ದಿತು. ನಾನು ಮೌಲಾಸಾಬನಿಗೆ ನೀರು ತಂದಾಗ ಅವನು ನನ್ನ ಗಂಡನಿಗೆ ಹೇಳುತ್ತಿದ್ದ.

"ಚಿಟ್ಟಿ ಮುಟ್ಟಲಿಲ್ಲೇನ್ರಿ ಅಣ್ಣಾರ? ಕನ್ನಡ ಬರಿಯೋ ಮನಷ್ಯಾ ರಜಾದ ಮ್ಯಾಲಿದ್ದ. ಗಿರಣಿ ಕಾರಕೂನನ ಕಾಲ ಹಿಡದು ಮೋಡ್ಯಾಗ ಬರಸಿದ್ನಿರಿ. ಜಾಂಬಳಿ ಪೆನ್ಸಿಲ್ಲ ನಾಲಗಿಗಿ ಹಚ್ಚಿ ಹಚ್ಚಿ ಬರದಾನ. ಆಳಂದ ಅಂಗಡಿ ಗಾಡಿ ಬಂದಿತ್ತು, ಅದರ ಕೈಲೆ ಕೊಟ್ಟೀನಿ. ಜಲ್ದಿ ಅಕ್ಕಾರನ್ನ ಕರಕೊಂಡ ಬರ್ರಿ ಅಂತ. ನಿಮ್ಮಣ್ಣ ಎಂಟು ದಿನ ಬಾಗಿಲ ಕಡೀನ ಮಾರಿ ಮಾಡಿ ಮಲಗಿದ್ದರಿ. ಯಾರರ ಒಳಗ ಬಂದರ, ಗುರೂ ಬಂದಳೇನು ಅಂತಿದ್ದರಿ."

ತಂಬಿಗೆ ನನ್ನ ಕೈಯಿಂದ ಬೀಳಲಿಲ್ಲ. ಬಿದ್ದಿದ್ದರೆ ಯಾರಾದರೂ ಯಾಕೆಂದು ಕೇಳುತ್ತಿದ್ದರೇನೋ. ನಾನು ಅದನ್ನು ಜೋಪಾನವಾಗಿ ಅವನ ಮುಂದಿಟ್ಟು ಒಳಗೆ ಹೋಗಿ ಎಲ್ಲರ ಜೊತೆ ಕೂತು ಅತ್ತೆ. ನನ್ನ ಗಂಡ ಆಳಂದಕ್ಕೆ ಹೋಗಿ ಆ ಅಂಗಡಿಯವನ ಎದೆಯ ಮೇಲಿನ ಅಂಗಿ ಹಿಡಿದು ಜಗಳ ಆಡಿ ಬಂದರು. ಅವನು, ಚಿಟ್ಟಿ ಕಟ್ಟಿನ ಮೇಲೇ ಸಿಕ್ಕಿಸಿದ್ದೆ, ಬಾಯಲ್ಲೂ ಹೇಳಿದ್ದೆ, ಸಂತೆಯ ಗದ್ದಲದಲ್ಲಿ ನಿಮಗೇ ಕೇಳಿಸಿಲ್ಲ ಎಂದು ಆಣೆ ಮಾಡಿದನಂತೆ. ಯಾರೂ ನಂಬಲಿಲ್ಲ. ಅವನು ಸಾಯುವತನಕ ನಮ್ಮ ಮನೆಯಲ್ಲಿ ಅವನ ಹೆಸರು ತೆಗೆದರೆ ಉಗುಳುತ್ತಿದ್ದರು. ನಾನೂ ಉಗುಳಿದ್ದೇನೆ.

ಅವಳ ಕೈಯ ಹಸಿರು ಬಳೆಗಳನ್ನು ಒಡೆದ ದಿನ ನಾನು ಅಲ್ಲಿ ನಿಲ್ಲಲಿಲ್ಲ, ಹಿತ್ತಿಲಿಗೆ ಹೋದೆ. ಬಳೆ ಚೂರು ಎಲ್ಲಿ ಚೆಲ್ಲಿದರೋ ನೋಡಲಿಲ್ಲ. ನನಗೆ ಆ ಪುಟ್ಟಿಯದೇ ಚಿಂತೆ. ಒಲೆಗೆ ಹಾಕಲೇ ಎಂದರೆ ಯಾಕೆ ಎಂದು ಕೇಳುತ್ತಾರೆ. ಮೌಲಾಸಾಬ ಜಾಂಬಳಿ ಪೆನ್ಸಿಲ್ಲಿನ ಮಾತು ಆಡಿದಾಗ ಗುರುಬಾಯಿ ಒಳಗೆ ಅಳುವವರ ನಡುವೆ ಇದ್ದಳು, ಅವಳ ಕಿವಿಗೆ ಬಿದ್ದಿರಲಾರದು ಎಂದು ನನಗೆ ನಾನೇ ನೂರು ಸಲ ಹೇಳಿಕೊಂಡೆ. ತಿಂಗಳು ಕಳೆದ ಮೇಲೆ ಒಂದು ದಿನ ನೋಡಿದರೆ ಅವಳು ಪುಟ್ಟಿಯ ತಳಕ್ಕೆ ಕುಪ್ಪಸದ ಒಂದು ದಪ್ಪ ಖಣದ ತುಂಡನ್ನು ಹುಣಸೆ ಬೀಜದ ಅಂಟಿನಿಂದ ಅಂಟಿಸುತ್ತಿದ್ದಳು.

"ಯಾಕಕ್ಕ?" ಎಂದೆ.

"ತಳದಾಗ ಸೂಜಿ ಸಿಗಬೀಳ್ತಾವ" ಎಂದಳು.

ಜಾಂಬಳಿ ಮುಚ್ಚಿಹೋಯಿತು. ನನಗೆ ಎಷ್ಟು ಹಗುರವಾಯಿತೆಂದರೆ, ಅವತ್ತು ಹೊಟ್ಟೆ ತುಂಬ ಉಂಡೆ. ನನ್ನ ಮೇಲೆ ನನಗೆ ಹೇಸಿಗೆ ಬರುವ ಸಂಗತಿಗಳಲ್ಲಿ ಆ ಊಟವೂ ಒಂದು.

ಆಮೇಲೆ ನಾವಿಬ್ಬರೂ ನಲವತ್ತು ವರ್ಷ ಒಂದೇ ಮನೆಯಲ್ಲಿ ಬದುಕಿದೆವು. ನನ್ನ ಐದು ಬಾಣಂತನ ಅವಳೇ ಮಾಡಿದಳು. ಪ್ರತಿ ಕೂಸಿಗೂ ಒಂದು ಕೌದಿ ಅದೇ ಪುಟ್ಟಿಯಿಂದ ಬಂತು. ಸಂಜೆ ಅವಳು ಹೊಲಿಯುತ್ತಿದ್ದರೆ ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ, ಪ್ರತಿ ಸಲವೂ ಕೆಮ್ಮು ಬಂತು. ಒಂದು ಮಾತ್ರ ಬದಲಾಗಿತ್ತು: ಅವಳು ಮತ್ತೆಂದೂ ನನ್ನಿಂದ ಏನನ್ನೂ ಓದಿಸಲಿಲ್ಲ. ಓದಿಸಲು ಅವಳಿಗೆ ಇನ್ನು ಯಾರ ಕಾರ್ಡು ಬರಬೇಕಿತ್ತು ಎಂದು ನಾನು ಅಂದುಕೊಂಡೆ. ಅವಳು ಹೋದಾಗಲೂ, ಸಂಕಟದ ನಡುವೆ ಒಂದು ಸಮಾಧಾನ ಇಟ್ಟುಕೊಂಡೆ. ಪಾಪ, ಗೊತ್ತಾಗದೆಯೇ ಹೋದಳು ಎಂದು. ನನ್ನ ಬದುಕೆಲ್ಲ ಆ ಒಂದು ಸಮಾಧಾನದ ಮೇಲೆ ನಿಂತಿತ್ತು.

ಮೊನ್ನೆ ಪುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಒಳಗೆ ಕೈ ಹಾಕಿದೆ. ಹುಳ ಅಂಟನ್ನು ತಿಂದಿತ್ತು, ಖಣದ ತುಂಡು ಒಂದು ಬದಿಯಿಂದ ಎದ್ದು ಬಂತು. ಕೆಳಗೆ ಜಾಂಬಳಿ ಹಾಗೇ ಇದೆ, ತುಸು ಮಾಸಿದೆ. ಅದರ ಮೇಲೆ, ಸುತ್ತ ಒಂದು ಸಾಲಿನಲ್ಲಿ, ಒಂದಕ್ಕೊಂದು ತಾಗದ ಹಾಗೆ ಅಂಟಿಸಿದ ಹಸಿರು ಬಳೆಯ ಚೂರುಗಳು. ನಡುವೆ ಅವಳ ತಾಳಿಯ ಎರಡು ಗುಂಡು.

ಎಲ್ಲಕ್ಕೂ ಒಂದು ಜಾಗ ಇರಬೇಕು ಎನ್ನುತ್ತಿದ್ದವಳು. ಗಂಡನ ಕಡೆಯ ಮಾತು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಮೌಲಾಸಾಬ ಹೇಳಿದ ದಿನವೇ ಗೊತ್ತಿತ್ತು. ನನ್ನ ಬಾಣಂತನ ಮಾಡುವಾಗ ಗೊತ್ತಿತ್ತು, ನಾನು ಪೋಣಿಸಿದ ಸೂಜಿಯನ್ನು ಕೈ ಚಾಚಿ ತೆಗೆದುಕೊಳ್ಳುವಾಗ ಗೊತ್ತಿತ್ತು. ನಾನು ಬಾಯಿ ತೆರೆದಾಗಲೆಲ್ಲ, ಈಗಲಾದರೂ ಹೇಳುತ್ತಾಳೇನೋ ಎಂದು ಆ ನಲವತ್ತು ವರ್ಷ ಕಾದಳೋ ಏನೋ. ಗಂಡನ ಕರೆಗೊಮ್ಮೆ, ನನ್ನ ಮಾತಿಗೊಮ್ಮೆ, ಅವಳನ್ನು ಎರಡು ಸಲ ಕಾಯಿಸಿ ಕೊಂದೆ. ಇನ್ನು ಯಾರ ಕಾಲು ಹಿಡಿಯಲಿ?

ಸೊಸೆ ಪೊರಕೆ ಹಿಡಿದು ನಿಂತೇ ಇದ್ದಳು. ಬಗ್ಗಿ ನೋಡಿದಳು.

"ಏನದರೀ ಅತ್ತಿ ಅದು, ತಳದಾಗ?"

ಕೆಮ್ಮು ಬಂತು. ಕೆಮ್ಮಿ ಮುಗಿಸಿದೆ.

"ಚಿಟ್ಟಿ ಅದವ್ವ" ಎಂದೆ. "ನನಗ ಅದು ಓದಾಕ ಬರಲಿಲ್ಲ."