ಕೂದಲಿನಲ್ಲಿ ಹುಡುಕಿದ ಚಿಂತೆ

ನಾನು ಕೂದಲಿನಲ್ಲಿ ಚಿಂತೆ ಹುಡುಕುವವಳು ಎಂದರೆ ಬೀದರಿನ ನಮ್ಮ ಓಣಿಯವರು ನಗುತ್ತಿದ್ದರು. ಮಾಡುತ್ತಿದ್ದದ್ದು ಮಾತ್ರ ಅದನ್ನೇ. ಒತ್ತಡವಾದಾಗ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಅದರ ಅಂಶ ಬೆಳೆಯುವ ಕೂದಲಿನಲ್ಲಿ ಉಳಿಯುತ್ತದೆ. ಬುಡದಿಂದ ಬೆರಳುದ್ದ ಕತ್ತರಿಸಿದರೆ ಎಂಟೊಂಬತ್ತು ತಿಂಗಳ ಕತೆ ತಿಂಗಳುವಾರು ಸಿಗುತ್ತದೆ. ನಾನು ಕೆಲಸ ಮಾಡುತ್ತಿದ್ದ ಹೈದರಾಬಾದಿನ ಲ್ಯಾಬಿನಲ್ಲಿ ಒಂದು ಮಾಸ್ ಸ್ಪೆಕ್ಟ್ರೋಮೀಟರ್ ಇತ್ತು, ಅಣುಗಳನ್ನು ತೂಗಿ ಗುರುತು ಹಿಡಿಯುವ ಯಂತ್ರ. ಅದರ ಮುಂದೆ ನಾನು ಅತ್ತೆಯೆದುರಿನ ಹೊಸ ಸೊಸೆಯ ಹಾಗೆ ಇರುತ್ತಿದ್ದೆ.

ಎರಡು ವರ್ಷ ಸತತ ಮಳೆ ಕೈಕೊಟ್ಟಿತ್ತು. ಭಾಲ್ಕಿ, ಔರಾದ ಕಡೆಯ ಹಳ್ಳಿಗಳ ಜನ ದಸರೆ ಮುಗಿಯುತ್ತಲೇ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗಿ, ಯುಗಾದಿಗೆ ಮರಳುತ್ತಿದ್ದರು. ಹಾಗೆ ಹೋಗಿಬಂದ ಹೆಂಗಸರ ಕೂದಲು ನನಗೆ ಬೇಕಿತ್ತು. ಅವ್ವನ ತವರು ಆ ಹಳ್ಳಿಗಳಲ್ಲೊಂದಾದ ಮೆಹಕರ. ಭಾಲ್ಕಿಯಲ್ಲಿ ಟೀಚರ್ ಆಗಿದ್ದ ಆಕೆಯನ್ನು ಆ ಕಡೆಯವರೆಲ್ಲ ಬಲ್ಲರು. ಕೂದಲು ತರುವ ಕೆಲಸ ಆಕೆಗೇ ಒಪ್ಪಿಸಿ, ಬುಡದಿಂದ ಕತ್ತರಿಸಿ ಆ ಕಡೆ ಕೆಂಪು ದಾರ ಕಟ್ಟಬೇಕೆಂದು ಚೀಟಿ ಬರೆದುಕೊಟ್ಟೆ. ಚೀಲದ ತುಂಬ ಪೊಟ್ಟಣ ಬಂದವು, ಒಂದಕ್ಕಿಂತ ಒಂದು ಚೊಕ್ಕ.

ಫಲಿತಾಂಶದ ಗೆರೆ ಮಾತ್ರ ಸಪಾಟು. ಮನೆಯಲ್ಲಿದ್ದ ತಿಂಗಳಿಗೂ ಕಬ್ಬಿನ ಹೊಲದ ತಿಂಗಳಿಗೂ ವ್ಯತ್ಯಾಸವೇ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಮೂರು ವಾರ ಯಂತ್ರವನ್ನು ಬೈದೆ, ತೊಳೆದೆ, ಮತ್ತೆ ಬೈದೆ. ಅದು ಸರಿಯಾಗಿಯೇ ಇತ್ತು. ಕೊನೆಗೆ ವರದಿಯಲ್ಲಿ ಬರೆದೆ: ‘ಗುಳೆ ಹೋಗುವುದರಿಂದ ಈ ಹೆಂಗಸರ ಒತ್ತಡ ಹೆಚ್ಚಿಲ್ಲ.’ ಈ ವರದಿಗಾಗಿ ಔರಾದದಲ್ಲಿ ಅಧಿಕಾರಿಗಳ ಒಂದು ಸಭೆ ಕಾದಿತ್ತು. ಗುಳೆ ಹೋಗುವವರ ಮಕ್ಕಳಿಗೆ ಊರ ಹತ್ತಿರವೇ ಹಾಸ್ಟೆಲ್ ಬೇಕೋ ಬೇಡವೋ ಎಂದು ಅಲ್ಲಿ ತೀರ್ಮಾನವಾಗುವುದಿತ್ತು. ಬೇಡ ಎನ್ನಲು ನನ್ನ ಆ ಒಂದು ಸಾಲೇ ಸಾಕಾಗುತ್ತಿತ್ತು. ಬರೆದದ್ದು ನಾನೇ ಆದರೂ ನನಗೆ ಸಮಾಧಾನವಿರಲಿಲ್ಲ.

ಸಭೆಗೆ ನಾಲ್ಕು ದಿನ ಇರುವಾಗ ಬೀದರಿಗೆ ಬಂದೆ. ಬೆಳಿಗ್ಗೆ ಕೂದಲಿಗೆ ಪಾತ್ರೆ ಕೊಡುವವಳು ಬಾಗಿಲಿಗೆ ಬಂದಳು. ಅವ್ವ ಗೋಡೆಯ ಗೂಡಿನಿಂದ ತನ್ನ ಉದುರುಗೂದಲ ಉಂಡೆ ತೆಗೆಯುತ್ತ ಅಂದಳು, “ಮೆಹಕರದಾಗ ಈ ಸಲ ಯಾರೂ ಬೋಗುಣಿ ತಗೊಂಡಿಲ್ಲ ನೋಡು. ಕೂಡಿಟ್ಟಿದ್ದೆಲ್ಲಾ ನಿನಗೇ ಕೊಟ್ಟಾರ.”

“ಕೂಡಿಟ್ಟಿದ್ದು ಅಂದ್ರ?”

“ಮತ್ತ? ಮುತ್ತೈದೇರ ತಲಿಗಿ ಕತ್ತರಿ ಹಚ್ತೇನಿ ಅಂತ ಹ್ಯಾಂಗ ಕೇಳ್ಲಿ? ಹಣಿಗ್ಯಾಗ ಉದುರಿ ಬಂದದ್ದು ಕೊಟ್ರು. ನಾನೇ ಬಿಡಿಸಿ, ಬಾಚಿ, ದಾರ ಕಟ್ಟೀನಿ.”

ಯಾವುದು ಬುಡ, ಯಾವುದು ತುದಿ, ಯಾವುದು ಯಾವ ತಿಂಗಳದ್ದು, ದೇವರೇ ಬಲ್ಲ. ಎಲ್ಲ ಕಲಸಿದ ಮೇಲೆ ಗೆರೆ ಸಪಾಟಾಗದೆ ಇನ್ನೇನಾದೀತು? ಸಿಟ್ಟು ನೆತ್ತಿಗೇರಿತು. ಅದರ ಹಿಂದೆಯೇ ಎದೆಯ ಮೇಲಿನ ಕಲ್ಲು ಇಳಿದು, ನಗು ಬಂದುಬಿಟ್ಟಿತು. ಆ ಸಾಲನ್ನು ಇನ್ನೂ ಯಾರೂ ಓದಿರಲಿಲ್ಲ.

“ನಗ್ತಿ ಯಾಕ?”

“ಉಳಿಸಿದಿ ಅವ್ವಾ. ಮುಳುಗಿಸಿದಾಕಿನೂ ನೀನೇ.”

ವರದಿ ತಪ್ಪಿದೆ, ಸ್ವಲ್ಪ ಸಮಯ ಬೇಕು ಎಂದು ಔರಾದಕ್ಕೆ ಫೋನು ಮಾಡಿದೆ. ಬೈಸಿಕೊಂಡೆ, ಆದರೂ ಸಭೆ ಮುಂದೆ ಹೋಯಿತು. ಮೆಹಕರಕ್ಕೆ ಈ ಸಲ ನಾನೇ ಹೋದೆ. ಕತ್ತರಿ ಕಂಡು ಹೆಂಗಸರು ಹಿಂದೆ ಸರಿದರು. ಅವ್ವ ಚಾಪೆಯ ಮೇಲೆ ಕೂತು ತುರುಬು ಬಿಚ್ಚಿದಳು. ಆಕೆಯೂ ಮುತ್ತೈದೆಯೇ.

“ಮೊದಲ ನಂದು ಕತ್ತರಿಸು.”

ಹಿಂದಲೆಯಿಂದ ಒಂದು ಸಣ್ಣ ಕುಚ್ಚು ತೆಗೆದೆ. ಆಮೇಲೆ ಕಬ್ಬು ಕಡಿದು ಬಂದಿದ್ದ ಒಬ್ಬಾಕೆ ಮುಂದೆ ಬಂದು ಕೂತಳು. “ತುರುಬಿನ ಕೆಳಗ ಯಾರ್ ನೋಡ್ತಾರ್ರಿ, ತಗೋರಿ.” ಉಳಿದವರೂ ಒಬ್ಬೊಬ್ಬರಾಗಿ ಕೂತರು.

ಈ ಸಲ ಗೆರೆ ಏರಿತು. ಆದರೆ ನಾನು ಕಾಯುತ್ತಿದ್ದ ಕಬ್ಬಿನ ತಿಂಗಳುಗಳಲ್ಲಲ್ಲ, ಊರು ಬಿಡುವ ಮುಂಚಿನ ತಿಂಗಳಲ್ಲಿ. ಅರ್ಥವಾಗದೆ ಕಾಗದ ಹಿಡಿದು ಅವ್ವನ ನಂತರ ಮೊದಲು ಬಂದು ಕೂತಿದ್ದ ಆ ಹೆಣ್ಣುಮಗಳ ಹತ್ತಿರ ಮತ್ತೆ ಹೋಗಿ ಕೇಳಿದೆ.

“ಅಲ್ಲಿ ಹೋದ ಮ್ಯಾಲ ಕೆಲಸ ಇರ್ತದ್ರಿ, ಚಿಂತಿ ಮಾಡ್ಲಿಕ್ಕಿ ಹೊತ್ತೆಲ್ಲಿ? ಹೋಗೋ ಮುಂಚೆ ಸಾಯ್ತೀವ್ರಿ. ಮಗಳಿಗಿ ಒಯ್ಯಬೇಕೋ ಬಿಡಬೇಕೋ, ಬಿಟ್ರ ಯಾರ ಹತ್ರ ಬಿಡಬೇಕು, ಅದೇ ಚಿಂತಿರಿ.”

ಹಳೆಯ ಸಾಲು ಹೊಡೆದುಹಾಕಿ ಅದನ್ನೇ ಬರೆದೆ. ದಸರೆಗೆ ಮೊದಲೇ ಹಾಸ್ಟೆಲ್ ತೆರೆಯಿತು. ಮರುವರ್ಷ ಯುಗಾದಿಗೆ ಮತ್ತೆ ಕೂದಲಿಗೆ ಹೋದಾಗ ಆಕೆ ತಾನಾಗಿ ಹೇಳಿದಳು, “ಮಗಳು ಸಾಲಿ ತಪ್ಪಿಸಿಲ್ರಿ. ಈ ಸಲ ಹೋಗೋ ಮುಂಚೆ ನನಗ ನಿದ್ದಿ ಬಂತ್ರಿ.”

ಆಕೆಯ ಕೂದಲನ್ನು ಯಂತ್ರಕ್ಕೆ ಹಾಕುವ ಮೊದಲೇ ನಾನು ಆ ಮಾತನ್ನು ನಂಬಿದೆ.